ಪೋಸ್ಟರಿನ ಹುಡುಗಿ ಮತ್ತು ಹಳದಿ ಟೇಪು

ಕುರ್ಚಿ ಬಿಟ್ಟು ಸೈಟಿಗೆ ಇಳಿಯದ ನಮ್ಮ ಕಂಪನಿಯ ಸುರಕ್ಷತಾ ಮುಖ್ಯಸ್ಥರೇ,

ಐಶ್ವರ್ಯಾ ಬಿದ್ದದ್ದು ಅವಳದೇ ಅಜಾಗರೂಕತೆಯಿಂದ ಎಂದು ನೀವು ಬರೆದ ವರದಿ ಸುಳ್ಳು. ಇಂಗ್ಲಿಷಿನಲ್ಲಿ ಮೂರು ಸಲ ಹೇಳಿದೆ, ಕೇಳಿಸಲಿಲ್ಲ. ಈಗ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ, ಹೆಣ್ಣುಮಕ್ಕಳನ್ನು ನಿಮ್ಮ ಸೈಟಿಗೆ ಕಳಿಸುವ ತಾಯಂದಿರು ಓದುತ್ತಾರೆ.

ಓಕ್ಲ್ಯಾಂಡಿನಲ್ಲಿ ಏಳುತ್ತಿರುವ ನಿಮ್ಮ ಕಟ್ಟಡಕ್ಕೆ ನಾನು ಸೂಪರ್‌ವೈಸರು. 'ಮಹಿಳಾ ಮುಂದಾಳತ್ವ' ಯೋಜನೆಯಲ್ಲಿ ನೀವೇ ನನಗೆ ಶಿಷ್ಯೆಯಾಗಿ ಕೊಟ್ಟವಳು ಹತ್ತಿರದ ಪ್ಲೆಸೆಂಟನ್ ಊರಿನ ಐಶ್ವರ್ಯಾ, ಇಪ್ಪತ್ತಮೂರರ ಹುಡುಗಿ. ಎತ್ತರದಿಂದ ಬೀಳದಂತೆ ಮೈಗೆ ಬಿಗಿಯುವ ಹಾರ್ನೆಸ್ಸನ್ನು ಅವಳಿಗೂ ಕೊಟ್ಟಿರಿ, ಆರಡಿ ಗಂಡಸಿನ ಅಳತೆಯದು. ಎಂಥಾ ಸಮಾನತೆ! ಸಣ್ಣದು ಬೇಕೆಂದು ಕೇಳಿದ್ದಕ್ಕೆ ನನಗೆ ಸಿಕ್ಕಿದ್ದೇನು? ಮಹಿಳಾ ಸಪ್ತಾಹದಲ್ಲಿ ಭಾಷಣ ಮಾಡಲು ಆಹ್ವಾನ, ಜೊತೆಗೊಂದು ನೇರಳೆ ಹೆಲ್ಮೆಟ್ಟು.

"ಆಂಟಿ, ಇದು ತುಂಬಾ ಲೂಸು, ಶೋಲ್ಡರಿಂದ ಜಾರತ್ತೆ," ಎಂದಿದ್ದಳು ಹುಡುಗಿ. "ಮೊದಲನೇ ವರ್ಷಾನೇ ಕಂಪ್ಲೇಂಟ್ ಮಾಡ್ಬೇಡ ಕಣೇ, ಅಡ್ಜಸ್ಟ್ ಮಾಡ್ಕೊ," ಎಂದು ನಾನು ಹೆಚ್ಚಾಗಿದ್ದ ಪಟ್ಟಿಯನ್ನು ಮಡಚಿ ಟೇಪು ಸುತ್ತಿದೆ. ಗಂಡಸರ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಹತ್ತೊಂಬತ್ತು ವರ್ಷ ದುಡಿದವಳು ನಾನು. ನನಗೆ ಕಲಿಸಿದ್ದನ್ನೇ ಅವಳಿಗೂ ಕಲಿಸಿದೆ. ಉತ್ತಮ ಮಾರ್ಗದರ್ಶಕಿ ಪ್ರಶಸ್ತಿಯನ್ನು ನೀವು ಕೊಟ್ಟದ್ದು ಇದಕ್ಕೇ ತಾನೆ?

ಏಪ್ರಿಲಿನಲ್ಲಿ ಅವಳು ಮೂರನೇ ಮಹಡಿಯ ಅಂಚಿನಲ್ಲಿ ಕಾಲು ಜಾರಿದಳು. ಹಗ್ಗವೇನೋ ಹಿಡಿಯಿತು, ಹುಡುಗಿ ಹಾರ್ನೆಸ್ಸಿನೊಳಗಿಂದಲೇ ನುಸುಳಿ ಕೆಳಗೆ ಬಿದ್ದಳು. ಈಗ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಯಲ್ಲಿ ಅವಳ ಅಜ್ಜಿ ದ್ಯಾಮವ್ವ ನನ್ನನ್ನು ಬೈಯಲಿಲ್ಲ. "ನೀ ಅದೀ ಅಂತ ಕಳಿಸಿದ್ವಿ ನೋಡವಾ," ಎಂದರು, ಅಷ್ಟೇ. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ಹಾರ್ನೆಸ್ಸು ಸರಿಯಾಗಿತ್ತು, ಅವಳೇ ಬಿಗಿದುಕೊಂಡಿರಲಿಲ್ಲ ಎನ್ನುತ್ತೀರಿ. ಸಾಕ್ಷಿ ಬೇಕೆ? ನಿಮ್ಮ ಕುರ್ಚಿಯ ಹಿಂದಿನ ಗೋಡೆ ನೋಡಿ. ಮಹಿಳಾ ಸಪ್ತಾಹದ ಪೋಸ್ಟರಿನಲ್ಲಿ ನಗುತ್ತಿರುವವಳು ಅವಳೇ. ಹೆಗಲ ಪಟ್ಟಿಯ ಮೇಲಿರುವುದು ನಾನು ಸುತ್ತಿದ ಹಳದಿ ಟೇಪು. ಅವಳು ಬೀಳುವ ಐದು ವಾರ ಮೊದಲು ನಿಮ್ಮದೇ ಫೋಟೋಗ್ರಾಫರು ತೆಗೆದ ಚಿತ್ರವದು. ಅಂದಿನಿಂದ ನೀವು ಅದಕ್ಕೆ ಬೆನ್ನು ಹಾಕಿ ಕೂತಿದ್ದೀರಿ.

ನಿನ್ನೆ ಹೊಸ ಹುಡುಗಿ ಲಾಸ್ಯಾಳನ್ನು ಕಳಿಸಿದ್ದೀರಿ, ಮತ್ತೆ ಅದೇ ಅಳತೆಯ ಹಾರ್ನೆಸ್ಸು ಕೊಟ್ಟು. ವರದಿಯಿಂದ 'ಅಜಾಗರೂಕತೆ' ತೆಗೆಯಿರಿ. ಸಣ್ಣ ಹಾರ್ನೆಸ್ಸು ಕೊಡದವರ ಹೆಸರು ಬರೆಯಿರಿ, ಅದರ ಕೆಳಗೆ ನನ್ನದೂ ಬರೆಯಿರಿ. ಮೈಗೆ ಹೊಂದುವ ಹಾರ್ನೆಸ್ಸು ಬರುವವರೆಗೆ ಈ ಹುಡುಗಿ ಏಣಿ ಹತ್ತುವುದಿಲ್ಲ. ನನ್ನ ಕೆಲಸ ಹೋದರೆ ಹೋಗಲಿ. "ಆಂಟಿ, ಟೇಪ್ ಹಾಕಿದ್ರೆ ಸಾಕಲ್ವಾ?" ಎಂದು ಅವಳು ಆಗಲೇ ಕೇಳುತ್ತಿದ್ದಾಳೆ.

ಇಂತಿ,
ಟೇಪು ಸುತ್ತಿದ ಕೈಯಿಂದಲೇ ಇದನ್ನು ಬರೆದ
ರಂಜನಿ