ಎಡಗಡೆಯ ಮಡ್‌ಗಾರ್ಡ್

ಶಹಾಪುರ
ನವೆಂಬರ್ ೧೬, ಭಾನುವಾರ

ನಮ್ಮ ಮನೆಯವರಿಗೆ ಕಸ್ತೂರಿಯ ಶರಣು.

ಇಲ್ಲಿ ನಾನು ಆರಾಮ ಇದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ಗುರುದೇವಿಯ ಹೊಸ ಮನೆಗೆ ಸ್ಲ್ಯಾಬ್ ಬಿತ್ತೆಂದು ಕೇಳಿ ಸಂತೋಷವಾಯಿತು. ತಂಗಿಯ ಸ್ಲ್ಯಾಬಿಗೆ ನೀರು ಹಾಕುತ್ತ ನೀವು ಸುರಪುರದಲ್ಲೇ ಬೇರು ಬಿಡುತ್ತೀರಿ ಎಂದು ಓಣಿಯವರು ನಗುತ್ತಾರೆ.

ಇಷ್ಟು ಹತ್ತಿರ ಇದ್ದೂ ಪತ್ರವೇಕೆ, ಫೋನು ಕೆಟ್ಟಿದೆಯೇ ಎಂದು ಕೇಳುತ್ತೀರಿ. ಫೋನು ಚೆನ್ನಾಗಿದೆ. ನಿನ್ನೆ ಹಚ್ಚಿದೆನಲ್ಲ, ನೀವು ಎತ್ತಿದ ಕೂಡಲೇ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಹೇಳಲು ನಾಲಿಗೆ ಏಳಲಿಲ್ಲ. ಪಕ್ಕದ ಮನೆಯ ಮರಿಲಿಂಗಪ್ಪ ಸುರಪುರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನೀವು ಬಂದು ಕಣ್ಣಾರೆ ಕಾಣುವ ಮೊದಲು ನನ್ನಿಂದಲೇ ತಿಳಿಯಬೇಕು.

ಕಾರಿಗೆ ಆ ಅಗಲ ಚಕ್ರಗಳನ್ನು ಹಾಕಿಸಿದ್ದೇನೆ.

ನೀವು ಆಸೆಪಟ್ಟು ತಂದವು. ದೋರನಹಳ್ಳಿಯ ಗದ್ದೆಗೆ ಹೋದಾಗಲೆಲ್ಲ ಕಾಲುವೆ ದಂಡೆಯ ಎರೆಮಣ್ಣಿನಲ್ಲಿ ಹಿಂದಿನ ಗಾಲಿ ಹೂತು, ಯಾರದಾದರೂ ಟ್ರ್ಯಾಕ್ಟರ್ ಕರೆಯಬೇಕಾಗುತ್ತದೆಂದು ತಂದಿರಿ. ಹಾಕಿ ನೋಡಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಮಡ್‌ಗಾರ್ಡಿಗೆ ಕೈ ಹಚ್ಚಲು ನೀವು ಯಾರನ್ನೂ ಬಿಡಲಿಲ್ಲ. ಹಿಂದಿನ ಎಡಗಡೆಯದರ ಮೇಲೆ ಅತ್ತೆಯವರ ಕೈ ಇತ್ತಲ್ಲ. ಕಾರು ಮನೆಗೆ ಬಂದ ದಿನ ಪೂಜೆ ಮಾಡಿ, ಸುಣ್ಣದಲ್ಲಿ ಅಂಗೈ ಅದ್ದಿ ಅವರು ಒತ್ತಿದ ಗುರುತು. ಅದು ಅಳಿಯಬಾರದೆಂದು ನೀವು ಪೇಂಟರನ್ನು ಕರೆಸಿ ಅದರ ಮೇಲೆಯೇ ಬಿಳಿ ಬಣ್ಣ ತುಂಬಿಸಿದಿರಿ. ಅವರು ತೀರಿಕೊಂಡ ಮೇಲಂತೂ ಕಾರು ತೊಳೆಯುವಾಗ ಅಲ್ಲಿ ಬಟ್ಟೆ ಉಜ್ಜದೆ ಬರೀ ನೀರು ಬಿಡುತ್ತೀರಿ. ಹೀಗಾಗಿ ಚಕ್ರಗಳು ಅಂಗಳದಲ್ಲೇ ಉಳಿದವು. ಬೇಸಿಗೆಯಲ್ಲಿ ಅವುಗಳ ಮೇಲೆ ಮೊರ ಇಟ್ಟು ನಾನು ಶಾವಿಗೆ ಒಣಗಿಸಿದೆ.

ನೀವು ಬರುವಷ್ಟರಲ್ಲಿ ಮಾಡಿಸಿಟ್ಟರೆ ಖುಷಿಪಡುತ್ತೀರಿ ಎಂದುಕೊಂಡೆ. ಟಿಂಕರಿಂಗ್ ಅಂಗಡಿಯ ಗುಡ್ಡುವಿಗೆ ಕಾರು ಒಪ್ಪಿಸಿ, ಕೈ ಗುರುತು ಜೋಪಾನ ಎಂದು ಹೇಳಿ ಸಂತೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಮಡ್‌ಗಾರ್ಡಿನ ಅಂಚನ್ನು ಕಮಾನಿನಂತೆ ಕೊಯ್ದು, ಹೊರಗೆ ಚಾಚಿದ ತಗಡಿನ ಪಟ್ಟಿ ಬೆಸೆದುಬಿಟ್ಟಿದ್ದ. ಕೊಯ್ಯದೆ ಆಗುತ್ತಿರಲಿಲ್ಲವಂತೆ. ಅತ್ತೆಯವರ ಬೆರಳುಗಳು ಕಾರಿನ ಮೇಲೆಯೇ ಇವೆ. ಅಂಗೈ ಹೋಗಿದೆ.

ಈಗ ಹಿಂದಿನ ಸೀಟಿನ ತುಂಬ ಜನ ಕೂತರೂ ಟೈರು ತಾಗುವುದಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಹಿಂದಿನ ಸೀಟಿನ ಮಾತು ಬಂತು. ಕಾರು ಬಂದಾಗಿನಿಂದ ನನ್ನ ಜಾಗ ಅದೇ, ಆ ಎಡ ಚಕ್ರದ ಮೇಲೆ. ಮುಂದೆ ಅತ್ತೆಯವರು. ಹಿರಿಯರು, ಮೊಣಕಾಲು ನೋವು ಬೇರೆ, ನನಗೆ ತಕರಾರು ಇರಲಿಲ್ಲ. ಅವರು ಹೋದ ಮೇಲೆ ಒಮ್ಮೆ ಗದ್ದೆಗೆ ಹೊರಟಾಗ ಮುಂದಿನ ಬಾಗಿಲಿಗೆ ಕೈ ಹಾಕಿದೆ. ನೀವು ನನ್ನ ಕಡೆ ನೋಡದೆಯೇ, “ಹಿಂದ ಕೂಡು” ಅಂದಿರಿ. ಖಾಲಿ ಸೀಟು ನೋಡುತ್ತ ದೋರನಹಳ್ಳಿಯವರೆಗೂ ಕೂತು ಬಂದೆ. ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಗೊತ್ತಿದ್ದೂ ಇದೆ.

ಗುಡ್ಡುವಿನ ಅಂಗಡಿಗೆ ಹೋಗಿ ಜಗಳ ತೆಗೆಯಬೇಡಿ. ಪಾಪ, ಕಾರನ್ನು ಮನೆಗೆ ತಂದು ಬಿಟ್ಟು ಅವನೇ ಮುಖ ಬಾಡಿಸಿಕೊಂಡು ಹೋದ. ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗಿ. ಆದರೆ ಮನೆಗೆ ಬಂದು ಆಗಿ, ಸುರಪುರದಲ್ಲಿ ಕೂತು ಅಲ್ಲ.

ದಾರಿ ನೋಡುತ್ತಿರುವ
ಕಸ್ತೂರಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮರಿಲಿಂಗಪ್ಪ ಬಾಗಿಲಲ್ಲಿ ನಿಂತಿದ್ದಾನೆ. ನಾನು ಸಂತೆಗೆ ಹೋಗಿರಲಿಲ್ಲ. ಕಾರಿನ ಪಕ್ಕದಲ್ಲೇ ಇದ್ದೆ. ಒಳ ಅಂಚನ್ನು ಬಡಿದು ಮಡಚಿದರೆ ಸಾಕು ಎಂದು ಗುಡ್ಡು ಬಲಗಡೆಯದನ್ನು ಮಡಚಿ, ಚಕ್ರ ಹಾಕಿ, ತಾಗುವುದಿಲ್ಲವೆಂದು ತೋರಿಸಿದ. ಅದು ಈಗಲೂ ಹಾಗೆಯೇ ಇದೆ, ನೀವು ನೋಡಿದರೆ ತಿಳಿಯುತ್ತದೆ. “ವೈನಿ, ಇಲ್ಲಿ ಅಮ್ಮಾರ ಕೈ ಐತ್ರಿ, ಕೊಯ್ಯೂದು ಬ್ಯಾಡ್ರಿ” ಅಂದ. “ನಾ ಹೇಳಾಕತ್ತೇನಿ, ಕೊಯ್ಯಿ” ಅಂದೆ. ಚಾಕ್‌ಪೀಸಿನಿಂದ ಗೆರೆ ಎಳೆದು ಕೊಟ್ಟವಳೂ ನಾನೇ.

ಕೊಯ್ದ ತಗಡು ಅಡುಗೆಮನೆಯ ಗೂಡಿನಲ್ಲಿದೆ. ಇವತ್ತು ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಕಾರಿನಿಂದ ಇಳಿಯುವಾಗ ಪ್ರತಿ ಸಲ ಅತ್ತೆಯವರು ಹಿಡಿಯುತ್ತಿದ್ದದ್ದು ನನ್ನ ಕೈಯನ್ನೇ. ಅವರ ಅಂಗೈ ಇಷ್ಟು ಚಿಕ್ಕದೆಂದು ನನಗೆ ಗೊತ್ತೇ ಇರಲಿಲ್ಲ.