ಕೃತಿಕಾಳ ಕೆಳದವಡೆ

ಮೂಡಿಗೆರೆ,
ಮಾರ್ಚ್ ೧೮, ೨೦೨೫

ನನ್ನ ಮುದ್ದು ಕಲ್ಲೇಶಾ,

ಆ ಉಗಾಂಡಾದ ಕಾಫಿ ತೋಟದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಬೆನ್ನುನೋವು ಹೇಗಿದೆ? ಫೋನಿನಲ್ಲಿ ನಿನ್ನ ಮಾತು ಅರ್ಧ ಗಾಳಿಗೆ ಹೋಗುತ್ತದೆ, ಉಳಿದರ್ಧ ಬರೀ 'ಆಮೇಲೆ ನೋಡಣ'. ಅದಕ್ಕೇ ನಿನ್ನಲ್ಲಿಗೆ ಹೊರಟಿರುವ ಪ್ರಸಾದನ ಕೈಲಿ ಈ ಕಾಗದ, ಜೊತೆಗೆ ಚಕ್ಕುಲಿ. ನಾವೆಲ್ಲ ಚೆನ್ನಾಗಿದ್ದೇವೆ.

ಹೋದ ವಾರ ಹೂಮಳೆ ಬಿತ್ತು. ಈಗ ತೋಟವಿಡೀ ಬಿಳಿ. ಬೆಳಿಗ್ಗೆ ಕಿಟಕಿ ತೆಗೆದರೆ ಕಾಫಿ ಹೂವಿನ ಪರಿಮಳ ಹಾಸಿಗೆಯವರೆಗೂ ಬರುತ್ತದೆ, ಎದ್ದಿದ್ದೇನೋ ಇನ್ನೂ ಕನಸಿನಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ. ನಿನ್ನ ಮಗಳು ಕೃತಿಕಾ ಆ ಬಿಳುಪಿನ ನಡುವೆ ಒಬ್ಬಳೇ ಹಾಡಿಕೊಂಡು ಅಲೆಯುತ್ತಾಳೆ. ಯಾರಾದರೂ ಕಂಡರೆ ಹಾಡು ನಿಲ್ಲುತ್ತದೆ, ಕೈ ಬಾಯಿಗೆ ಹೋಗುತ್ತದೆ. ಮೇಲಿನ ಹಲ್ಲು ಮುಂದೆ, ಕೆಳದವಡೆ ಹಿಂದೆ. ಶಾಲೆಯಲ್ಲಿ ಮೊಲ ಎಂದು ಕರೆಯುತ್ತಾರಂತೆ.

ನಿನ್ನ ಹೆಂಡತಿ ರಶ್ಮಿಯೂ ನಾನೂ ಅವಳನ್ನು ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರು ಶಾಲಿನಿಯವರ ಬಳಿ ಕರೆದುಕೊಂಡು ಹೋಗಿದ್ದೆವು. ಹಲ್ಲಿಗೆ ಕ್ಲಿಪ್ ಹಾಕಿಸುವ ಬಗ್ಗೆ ನೀನು ಫೋನಿನಲ್ಲಿ ಅಂದದ್ದನ್ನೇ ಅವರಿಗೂ ಹೇಳಿದೆ: 'ಹಸಿರು ಕೊಯ್ಯಬಾರ್ದು ಅಮ್ಮ, ಹಣ್ಣಾಗ್ಲಿ. ಎಸ್ಸೆಸ್ಸೆಲ್ಸಿ ಮುಗೀಲಿ.' ಅದಕ್ಕಿನ್ನೂ ಮೂರು ವರ್ಷವಿದೆ ಎಂದದ್ದೇ ಅವರು ನಕ್ಕೇಬಿಟ್ಟರು. 'ಇದು ಕಾಫಿ ಅಲ್ಲ ಅಜ್ಜಿ. ಬೆಳೆಯೋವಾಗಲೇ ಕ್ಲಿಪ್ ಹಾಕಿದ್ರೆ ಕೆಳದವಡೆ ಮುಂದೆ ಬರೋಕೆ ಸಹಾಯ ಆಗುತ್ತೆ. ಬೆಳವಣಿಗೆ ನಿಂತ್ಮೇಲೆ ಹಲ್ಲು ಸರಿಸ್ಬಹುದು, ದವಡೆಗೆ ಆಪರೇಷನ್ನೇ ಬೇಕಾಗ್ಬಹುದು' ಎಂದರು. ಕೊಯ್ಲು ಮಾಡಿಸಿ ಮಾಡಿಸಿ ನಿನಗೆ ಎಲ್ಲವೂ ಹಣ್ಣೇ ಆಗಬೇಕು ಮಾರಾಯ! ಬರುವಾಗ ಬಸ್ಸಿನಲ್ಲಿ ಹುಡುಗಿ ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ನನಗೂ ಜೊಂಪು. ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ನಗುತ್ತಿದ್ದಂತೆ ಕಂಡಿತು, ಎಷ್ಟು ಹೊತ್ತು ನೋಡಿದೆನೋ. ರಶ್ಮಿ ಮಾತ್ರ ನೀನು ಹೂಂ ಅನ್ನದೆ ಹೆಜ್ಜೆ ಇಡುವುದಿಲ್ಲ ಎನ್ನುತ್ತಾಳೆ.

ಕಣ್ತುಂಬ ನಿದ್ದೆ, ಹೊಟ್ಟೆತುಂಬ ಅನ್ನ ನಿನಗಿರಲಿ ಕಂದಾ.

ನಿನ್ನ ಅಮ್ಮ,
ಶಿವಗಂಗಮ್ಮ

ತಾ.ಕ.: ಹೊರಗೆ ಪ್ರಸಾದ ಜೀಪಿನ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಮಡಿಸುವಷ್ಟರಲ್ಲಿ ರಶ್ಮಿ ಬಂದು ಕಿವಿಯಲ್ಲಿ ಹೇಳಿದಳು, ಕೃತಿಕಾ ದೊಡ್ಡವಳಾದಳಂತೆ. ಡಾಕ್ಟರಿಗೆ ಫೋನ್ ಮಾಡಿಯೂ ಆಯಿತು. ಹೆಣ್ಣುಮಕ್ಕಳಿಗೆ ಇದಾದ ಮೇಲೆ ಬೆಳವಣಿಗೆ ಕಡಿಮೆಯಾಗುತ್ತಾ ಹೋಗುತ್ತದೆ, ಇನ್ನು ತಡ ಬೇಡ ಎಂದರು. ಆರತಿ ಮಾಡಲು ನೀನು ಬರುವವರೆಗೂ ಕಾಯುತ್ತೇವೆ. ಕ್ಲಿಪ್ಪಿಗೆ ಕಾಯುವುದಿಲ್ಲ, ಸೋಮವಾರವೇ ಹೋಗುತ್ತೇವೆ. ಬೈಯುವುದಿದ್ದರೆ ನನಗೇ ಬೈ, ರಶ್ಮಿಗಲ್ಲ.