ಲಾಳಿ ತಿರುಗುವಷ್ಟು ಹೊತ್ತು

ನಾರಾಯಣಪೇಟೆ
14 ನವೆಂಬರ್ 2021, ಭಾನುವಾರ

ಪ್ರೀತಿಯ ಭಾಗ್ಯಾ,

ನಾವಿಲ್ಲಿ ಇದ್ದ ಹಾಗೆಯೇ ಇದ್ದೇವೆ. ಅವ್ವನ ಕಣ್ಣು ಇನ್ನಷ್ಟು ಮಂಜಾಗಿದೆ, ನಾಲಿಗೆಯ ಹರಿತ ಮಾತ್ರ ಕಡಿಮೆಯಾಗಿಲ್ಲ. ದೀಪಾವಳಿ ಮುಗಿದು ಹತ್ತು ದಿನವಾದರೂ ನನ್ನ ಫಾಲ್-ಪಿಕೊ ಅಂಗಡಿಯಲ್ಲಿ ಸೀರೆಗಳ ರಾಶಿ ಕರಗಿಲ್ಲ. ನೀನು, ನಿಮ್ಮ ಯಜಮಾನರು, ಮಕ್ಕಳು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ದನಿ ನನ್ನ ಫೋನಿಗೆ ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ತಡವಾದದ್ದಕ್ಕೆ ಮಾತ್ರ. ಮಿಕ್ಕ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ ಎಂದು ಹೇಳಲಿಕ್ಕೇ ಈ ಕಾಗದ.

ನೀನು ಗದ್ವಾಲಕ್ಕೆ ಸೊಸೆಯಾಗಿ ಹೋಗಿ ಒಂಬತ್ತು ವರ್ಷ. ಅಷ್ಟು ವರ್ಷಕ್ಕೆ ನನ್ನ ಫೋನಿಗೆ ಸಿಕ್ಕದ್ದು ನಲವತ್ತು ಸೆಕೆಂಡಿನ ಮಾತು. "ವಿಜಿ, ಗ್ರೂಪಿನ್ಯಾಗ ತಪ್ಪಾತು ಅಂತ ಒಂದ್ ಮಾತು ಬರದುಬಿಡವ್ವ. ಭಾನುಪ್ರಕಾಶ್ ಸರ್ ಭಾಳ ಬ್ಯಾಸರ ಮಾಡ್ಕೊಂಡಾರ. ನಿಮ್ಮವ್ವನ ಹೆಸರಿಂದು ಮುಂದ ನೋಡೋಣು." ಹಿಂದೆ ಕುಕ್ಕರ್ ಎರಡು ಸಲ ಕೂಗಿತು. ನನ್ನ ಕಿವಿ ನಿನಗೆ ಗೊತ್ತಲ್ಲ, ಭಾಗ್ಯಾ. "ನೋಡೋಣು" ಎನ್ನುವಲ್ಲಿ ನಿನ್ನ ದನಿ ಒಂದಿಷ್ಟು ಕೆಳಗಿಳಿಯಿತು. ಅವ್ವನ ಡಬ್ಬಿಯಿಂದ ಬೆಲ್ಲ ಕದ್ದು ತಿಂದು "ನಾ ಅಲ್ಲ" ಎನ್ನುವಾಗಲೂ ಹೀಗೇ ಇಳಿಯುತ್ತಿತ್ತು.

ಭಾನುಪ್ರಕಾಶ್ ನಿನಗೆ ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಮ್ಮ ಗ್ರೂಪಿನ ಹೆಸರು 'ಶನಿವಾರದ ಕಿವಿ'. ಹೋದ ವರ್ಷ ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲಿ ಕೊಳೆಯುತ್ತಿದ್ದಾಗ ಭಾನುಪ್ರಕಾಶ್ ಶುರುಮಾಡಿದ್ದು, ಅಡ್ಮಿನ್ ಕೂಡ ಅವರೇ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೇರಿ ಮೂವತ್ತೊಂದು ಮಂದಿ ಇದ್ದೇವೆ. ಪ್ರತಿ ಶನಿವಾರ ಸರದಿಯಲ್ಲಿ ಒಬ್ಬರು ಹೊಸದಾಗಿ ಬಂದ ಒಂದು ಆಲ್ಬಮ್ ಹಾಕಬೇಕು. ಎಲ್ಲರೂ ಅದನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಹಾರಿಸದೆ ಕೇಳಿ, ಬುಧವಾರದೊಳಗೆ ಅನಿಸಿದ್ದನ್ನು ಬರೆಯಬೇಕು. ಬರೀ "ಚೆನ್ನಾಗಿದೆ" ಎಂದು ಬರೆದು ಜಾರಿಕೊಂಡರೆ ದಂಡ ಉಂಟು: ಆಲ್ಬಮನ್ನು ಇನ್ನೊಂದು ಸಲ ಕೇಳಬೇಕು. ಮಕ್ತಲ್‌ನ ಯಲ್ಲಯ್ಯ ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಂದು ದೊಡ್ಡ ಹೆಸರಿನ ಆಲ್ಬಮ್ಮಿಗೆ ಅವರು ಬರೆದದ್ದು ಇಷ್ಟೇ: "ನಾಕನೇ ಹಾಡಿಗೆ ಡ್ರೈವರಗ ನಿದ್ದಿ ಬಂದೈತಿ." ಅದನ್ನು ಓದಿ ನಾನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಿದ್ದೆ.

ಆ ಗ್ರೂಪು ನನಗೆ ಏನು ಎಂದು ನಿನಗೆ ಹೇಗೆ ಹೇಳಲಿ? ದಿನವಿಡೀ ಸೀರೆಯ ಅಂಚಿಗೆ ಫಾಲ್ ಹೊಲಿಯುವ ಕೈಗೆ ಬುದ್ಧಿಯೇನೂ ಬೇಕಾಗಿಲ್ಲ, ಕಿವಿ ಖಾಲಿ. ಆ ಖಾಲಿ ಕಿವಿಯಲ್ಲಿ ನಾನು ಒಂದೂವರೆ ವರ್ಷದಲ್ಲಿ ಎಪ್ಪತ್ತು ಆಲ್ಬಮ್ ಕೇಳಿದ್ದೇನೆ. ಮೊದಮೊದಲು ಹೆದರಿ ಹೆದರಿ ಬರೆಯುತ್ತಿದ್ದೆ. ಆಮೇಲೆ "ವಿಜಯಶ್ರೀ ಏನಂತಾರ ನೋಡೋಣು" ಎಂದು ಜನ ಬುಧವಾರ ಕಾಯತೊಡಗಿದರು. ನಲವತ್ತು ವರ್ಷಕ್ಕೆ ಮೊದಲ ಸಲ, ನನ್ನ ಹತ್ತಿರವೂ ಒಂದು ಕಸುಬು ಇದೆ ಎಂದು ನನಗೆ ಅನಿಸಿತು.

ಅಕ್ಟೋಬರ್ 23ರ ಶನಿವಾರ ಭಾನುಪ್ರಕಾಶ್ ನಿನ್ನ ಆಲ್ಬಮ್ ಹಾಕಿದರು. 'ಅಂಚಿನೂರ ಪದಗಳು', ಎಂಟು ಹಾಡು, ಮುಖಪುಟದಲ್ಲಿ ನೀನು. ನಿಜ ಹೇಳುತ್ತೇನೆ, ನನಗೆ ಕಣ್ಣೀರು ಬಂತು. ಗಿರಾಕಿಗಳನ್ನು ಕಳಿಸಿ, ಶಟರ್ ಅರ್ಧ ಇಳಿಸಿ ಕೇಳಲು ಕುಳಿತೆ. ಮೊದಲ ಹಾಡು ಬೆಣ್ಣೆ. ಎರಡನೆಯದರಲ್ಲಿ ಉಸಿರು ಹಿಡಿದಿದ್ದೀಯಲ್ಲ, ಅದನ್ನು ನಾಕು ಸಲ ಕೇಳಿದೆ. ಮೂರನೆಯದು ಶುರುವಾಯಿತು:

ಹಾಸು ನಂದವ್ವ, ಹೊಕ್ಕು ನಿಂದವ್ವ,
ನಡುವಿನ ಗಂಟು ಯಾರದವ್ವ?

ನನ್ನ ಅವ್ವನ ಹಾಡು. ನಮ್ಮ ಪಡಸಾಲೆಯಲ್ಲಿ, ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು, ಅನ್ನಮ್ಮ ಎಂಬ ಹೆಂಗಸು ಕಟ್ಟಿದ ಹಾಡು. ಕೆಳಗೆ ಬರೆದದ್ದು ನೋಡಿದೆ. "ರಚನೆ: ಸಾಂಪ್ರದಾಯಿಕ. ಸಂಗೀತ ಮತ್ತು ಕೊಳಲು: ಭಾನುಪ್ರಕಾಶ್."

ಈ ಸಾಂಪ್ರದಾಯಿಕ ಎನ್ನುವಾಕೆ ಯಾರು, ಭಾಗ್ಯಾ? ನಮ್ಮ ಓಣಿಯಲ್ಲಂತೂ ಇಲ್ಲ. ಸಂಪ್ರದಾಯಕ್ಕೆ ಬೆನ್ನು ನೋಯುವುದಿಲ್ಲ, ನನ್ನ ಅವ್ವನಿಗೆ ನೋಯುತ್ತದೆ. ಅವಳು ಸತ್ತಿಲ್ಲ. ಇವತ್ತು ಬೆಳಿಗ್ಗೆಯೂ ರೊಟ್ಟಿ ಬಿರುಸಾಯಿತೆಂದು ನನ್ನನ್ನು ಬೈದಿದ್ದಾಳೆ.

ಹೆಸರು ಬಿಟ್ಟುಹೋಗಿರಬಹುದು, ಹೇಳಿದರೆ ಹಾಕುತ್ತಾರೆ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಭಾನುಪ್ರಕಾಶ್ ಬರೆದದ್ದು ಓದಿದೆ. ಈ ಜನಪದ ಗೀತೆಯಲ್ಲಿ ಎರಡು ಸಾಲಿಗೊಮ್ಮೆ ತಾಳ ತಪ್ಪುತ್ತಿತ್ತಂತೆ. ಹಳ್ಳಿಯ ಹೆಂಗಸರಿಗೆ ತಾಳದ ಲೆಕ್ಕ ಇರುವುದಿಲ್ಲವಂತೆ. ಆ ಖಾಲಿ ಜಾಗಕ್ಕೆ ಕೊಳಲು ತುಂಬಿ ಅವರು ಸರಿಪಡಿಸಿದರಂತೆ. ಇಪ್ಪತ್ತು ಮಂದಿ ಚಪ್ಪಾಳೆಯ ಗುರುತು ಹಾಕಿದ್ದರು.

ಆ ಖಾಲಿ ಜಾಗ ಏನೆಂದು ಈ ಲೋಕದಲ್ಲಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವ್ವ ಗದ್ವಾಲದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಊರವರೆಲ್ಲ ನಾರಾಯಣಪೇಟೆ ಸೀರೆ ನೇಯ್ದರೂ ಅವಳು ತವರಿನ ಸೀರೆ ಬಿಡಲಿಲ್ಲ. ಒಡಲು ಹತ್ತಿಯದು, ಅಂಚು ರೇಷ್ಮೆಯದು, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸಬೇಕು. ಒಬ್ಬರ ಕೈಗೆ ಆಗುವ ಕೆಲಸವಲ್ಲ. ಅದಕ್ಕೇ ಪಕ್ಕದ ಮನೆಯ ನಿನ್ನನ್ನು ಹನ್ನೊಂದನೇ ವಯಸ್ಸಿಗೆ ತನ್ನ ಮಗ್ಗುಲಲ್ಲಿ ಕೂಡಿಸಿಕೊಂಡಳು. ಅವಳು ಎರಡು ಸಾಲು ಹಾಡುವಳು, ನಿಲ್ಲಿಸುವಳು. ನೀನು ಅಂಚಿನ ಎಳೆ ಸಿಕ್ಕಿಸಿ ಲಾಳಿ ತಿರುಗಿಸಿ ಅವಳ ಕೈಗೆ ಕೊಡುವಷ್ಟು ಹೊತ್ತು. ಲಾಳಿ ಕೈಗೆ ಬಂದ ಮೇಲೆ ಮುಂದಿನ ಸಾಲು. ಅದು ತಪ್ಪಿದ ತಾಳವಲ್ಲ, ನಿನ್ನ ಕೈಗಾಗಿ ಅವ್ವ ಕಾಯುತ್ತಿದ್ದ ಹೊತ್ತು. ಹದಿನೆಂಟು ವರ್ಷ ಕಾದಿದ್ದಾಳೆ. ಅಲ್ಲಿ ಕೊಳಲು ಊದುವಾಗ ನೀನು ಮೈಕಿನ ಮುಂದೆ ನಿಂತಿದ್ದೆಯಲ್ಲ, ನಿನ್ನ ಕೈ ಸುಮ್ಮನೆ ಹೇಗಿತ್ತು?

ಇದನ್ನೇ ಬುಧವಾರ ಗ್ರೂಪಿಗೆ ಬರೆದೆ. ಬೈಗುಳ ಒಂದೂ ಇರಲಿಲ್ಲ. ಇದು ಅನ್ನಮ್ಮನ ಹಾಡು, ಆ ಬಿಡುವು ಮಗ್ಗದ ಲೆಕ್ಕ, ಕೊಳಲು ತೆಗೆಯಿರಿ, ಹೆಸರು ಹಾಕಿರಿ, ಇಷ್ಟೇ. ಭಾನುಪ್ರಕಾಶ್ ಉತ್ತರ ಕೊಟ್ಟರು: "ಪುರಾವೆ ಇದ್ರ ತೋರಸ್ರಿ ಮೇಡಂ. ಇಲ್ಲಂದ್ರ ತಪ್ಪಾತಂತ ಬರೀರಿ. ಕಲಾವಿದರ ಮರ್ಯಾದಿ ಪ್ರಶ್ನೆ ಐತಿ." ನನ್ನ ಸರದಿ ಬರುವ ಶನಿವಾರದವರೆಗೆ ಗಡುವು ಕೊಟ್ಟರು, ಅಷ್ಟರಲ್ಲಿ ಬರೆಯದಿದ್ದರೆ ಗ್ರೂಪಿನಿಂದ ಹೊರಗೆ. ನೀನು ಒಂದೇ ಒಂದು ಮಾತು ಹೇಳುತ್ತೀಯೆಂದು ಒಂಬತ್ತು ದಿನ ಕಾದೆ. ಆಮೇಲೆ ನಿನ್ನ ನಲವತ್ತು ಸೆಕೆಂಡು ಬಂತು.

ಸರಿ, ಪುರಾವೆ ಕೇಳಿದರಲ್ಲ, ಕೊಟ್ಟೆ. ಹಿಂದಿನ ಓಣಿಯ ಮಹಾಂತಮ್ಮ ಇನ್ನೂ ಆ ಸೀರೆಯನ್ನೇ ನೇಯುತ್ತಾಳೆ, ಗುರುವಾರ ಅವಳ ಮನೆಗೆ ಹೋದೆ. ಹಾಡುವುದು ಬೇಡ, ಸುಮ್ಮನೆ ನೇಯಿ, ಫೋನು ಮಗ್ಗದ ಮೇಲಿಟ್ಟು ಸಪ್ಪಳ ಹಿಡಿಯುತ್ತೇನೆ ಎಂದೆ. ಅವಳ ಸೊಸೆ ಉಟ್ಕೂರಿಗೆ ತವರಿಗೆ ಹೋಗಿದ್ದಳು. ಮಗ್ಗುಲಲ್ಲಿ ಕೂಡುವವರು ಯಾರು? ನಾನೇ ಕುಳಿತೆ. ಮೂರನೇ ನಿಮಿಷಕ್ಕೆ ಎಳೆ ಹರಿಯಿತು. "ನಿಮ್ಮವ್ವ ನಿನ್ನ ಯಾಕ ಕೂಡಿಸಿಲ್ಲಂತ ಈಗ ಗೊತ್ತಾತು ನೋಡು. ಇದು ಕೈಯಲ್ಲಲೇ, ಕೊಡ್ಲಿ ಐತಿ," ಎಂದಳು ಮಹಾಂತಮ್ಮ. ಅದೂ ರೆಕಾರ್ಡ್ ಆಗಿದೆ. ತೆಗೆಯಲಿಲ್ಲ.

ನಿನ್ನೆ ಶನಿವಾರ ನನ್ನ ಸರದಿ. ಎಲ್ಲರೂ ನನ್ನ "ತಪ್ಪಾಯಿತು" ಓದಲು ಫೋನು ಹಿಡಿದು ಕುಳಿತಿದ್ದರು. ನಾನು ಹನ್ನೊಂದು ನಿಮಿಷದ ಮಗ್ಗದ ಸಪ್ಪಳ ಹಾಕಿದೆ. ಕೆಳಗೆ ಬರೆದೆ: "ಈ ವಾರದ ಆಲ್ಬಮ್. ಕಲಾವಿದರು: ಮಹಾಂತಮ್ಮ, ಮಗ್ಗ. ಒಂದು ಫೋನಿನಲ್ಲಿ ಇದನ್ನು ಹಚ್ಚಿ, ಇದರ ಜೊತೆ 'ಹಾಸು ನಂದವ್ವ' ನೀವೇ ಬಾಯಲ್ಲಿ ಹಾಡಿ ನೋಡಿರಿ. ಕೊಳಲು ಬಂದಲ್ಲೆಲ್ಲ ಏನು ಕೇಳುತ್ತದೆ ಬರೆಯಿರಿ." ಇದೇ ನನ್ನ ಪುರಾವೆ. ಕೊಳಲು ಬಂದಲ್ಲೆಲ್ಲ ಲಾಳಿ ತಿರುಗುತ್ತದೆ, ಒಂದು ಕಡೆಯೂ ತಪ್ಪುವುದಿಲ್ಲ. ಎಳೆ ಹರಿದಲ್ಲಿ ತಪ್ಪುತ್ತದೆ, ಅದು ನನ್ನ ತಪ್ಪು. ನಾನು ಒಪ್ಪಿಕೊಳ್ಳುವ ತಪ್ಪು ಅದೊಂದೇ.

ಇಪ್ಪತ್ತು ನಿಮಿಷಕ್ಕೆ ಭಾನುಪ್ರಕಾಶ್ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದರು.

ಸಂಜೆ ಯಲ್ಲಯ್ಯ ಮಾವ ಫೋನು ಮಾಡಿದರು. "ಏನವ್ವಾ, ನಾ ಹಾಡಿ ನೋಡೀನಿ. ನನ್ನ ಹೆಂಡತಿ ಸುಗುಣಮ್ಮನೂ ಹಾಡ್ಯಾಳ. ಬರಾಬರಿ ಕೂಡತೈತಿ. ನಿನ್ನ ತೆಗದ ಮ್ಯಾಲ ನಾ ಆ ಸಪ್ಪಳ ತಿರುಗಿ ಹಾಕೀನಿ. ನನ್ನೂ ತೆಗದ್ರ ಸುಗುಣಮ್ಮ ಹಾಕತಾಳ. ಎಷ್ಟ್ ಮಂದೀನ ಇಳಸ್ತಾನ ನೋಡೋಣು, ಬಸ್ ಖಾಲಿ ಆಗ್ಬೇಕು." ನಮ್ಮದೇ ಬೇರೆ ಗ್ರೂಪು ಮಾಡೋಣವೇ ಎಂದೂ ಕೇಳಿದರು. ನಾನು ಒಪ್ಪಲಿಲ್ಲ. ನಾನೇಕೆ ಬೇರೆ ಹೋಗಲಿ? ಎಪ್ಪತ್ತು ವಾರ ಕಿವಿ ಕೊಟ್ಟು ಕಟ್ಟಿದ ಜಾಗ ಅದು. ಬಂದರೆ ಅದೇ ಬಾಗಿಲಿಂದ, ಅದೇ ಮಾತು ಹಿಡಿದುಕೊಂಡು ಬರುತ್ತೇನೆ.

ಅವ್ವನಿಗೂ ಹೇಳಿದೆ. ಅವಳ ಮಾತು ಕೇಳಿದರೆ ನೀನು ಖುಷಿಪಡುತ್ತೀ. "ಹೆಸರು ಯಾಕಲೇ? ಸೀರಿ ಮ್ಯಾಗ ನೇದಾಕಿ ಹೆಸರು ಇರತೈತೇನು?" ಎಂದಳು. ಇರುವುದಿಲ್ಲ ಅವ್ವಾ, ಅದಕ್ಕೇ ಹೀಗಾಗಿದೆ ಎಂದೆ. ಈ ಊರಿನ ಕತೆ ನಿನಗೆ ನೆನಪಿಲ್ಲವೇ, ಭಾಗ್ಯಾ? ನಮಗೆ ಹೊಸ ರಾಜ್ಯ ಬಂದ ಮೇಲೂ ನಾರಾಯಣಪೇಟೆ ಜಿಲ್ಲೆಯಾಗಲಿ ಎಂದು ಅಂಗಡಿ ಮುಚ್ಚಿ, ರಸ್ತೆಯಲ್ಲಿ ಕುಳಿತು, ಬೋರ್ಡಿನ ಮೇಲೆ ಹೆಸರು ಬರೆಸಿಕೊಂಡ ಮಂದಿ ನಾವು. ಊರಿಗೆ ಹೆಸರು ಬೇಕು, ಅವ್ವನಿಗೆ ಬೇಡವೇ?

ಏಳು ವರ್ಷದ ಹಿಂದೆ, ಆ ಹೊಸ ರಾಜ್ಯ ಬಂದ ದಿನ ಜೂನ್ ಎರಡಕ್ಕೆ ನೀನು ಮೊದಲ ಸಲ ಮೈಕು ಹಿಡಿದೆ. ಗದ್ವಾಲದಿಂದ ಬಂದಿದ್ದ ನಿನಗೆ ಅವ್ವ ತಾನೇ ನೇಯ್ದ ಹಸಿರು ಸೀರೆ ಉಡಿಸಿ, ನೆರಿಗೆ ಹಿಡಿದು ಕಳಿಸಿದಳು. ಇದೇ ಹಾಡು ಹಾಡಿದೆ. ಹಾಡುವ ಮೊದಲು ಏನೆಂದೆ? "ಇದು ನಮ್ಮ ಅನ್ನಮ್ಮತ್ತಿ ಕಟ್ಟಿದ ಹಾಡ್ರಿ." ಸಾವಿರ ಮಂದಿಯ ಮುಂದೆ ಹೇಳಿದ್ದನ್ನು ಒಂದು ಸಾಲಿನಲ್ಲಿ ಬರೆಯಲು ನಿನಗೇನು ಕಷ್ಟ? ಭಾನುಪ್ರಕಾಶ್ ಮುನಿಸಿಕೊಂಡಾರು. ಮುನಿಸಿಕೊಳ್ಳಲಿ. ಅವರ ಕೊಳಲು ನಿನಗೆ ಅನ್ನ ಹಾಕಿಲ್ಲ.

ನನಗೆ ಬೇಕಾದದ್ದು ಇಷ್ಟು: ಮೂರನೇ ಹಾಡಿನ ಕೆಳಗೆ "ಕಟ್ಟಿದವರು: ಅನ್ನಮ್ಮ, ನಾರಾಯಣಪೇಟೆ." ಅಲ್ಲಿಯವರೆಗೆ ನಾನು ಬರೆಯುತ್ತಲೇ ಇರುತ್ತೇನೆ. ಗ್ರೂಪಿನಿಂದ ತೆಗೆದಂತೆ ಕಾಗದದಿಂದ ನನ್ನನ್ನು ಯಾರೂ ತೆಗೆಯಲಾರರು. ಇದನ್ನು ಯಲ್ಲಯ್ಯ ಮಾವ ನಾಳೆ ಗದ್ವಾಲಕ್ಕೆ ಬಂದಾಗ ನಿನ್ನ ಕೈಗೇ ಕೊಡುತ್ತಾರೆ. ಅವರಿಗೆ ಚಹಾ ಕೊಡು, ಸಕ್ಕರೆ ಹಾಕಬೇಡ, ಹಾಕು ಎಂದು ಕಾಡಿದರೂ ಕೇಳಬೇಡ.

ಜಗಳ ಜಗಳದ ಕಡೆ ಇರಲಿ. ಎರಡನೇ ಹಾಡಿನಲ್ಲಿ ನೀನು ಹಿಡಿದ ಉಸಿರು ನಾನು ಕೇಳಿದ ಎಪ್ಪತ್ತರಲ್ಲಿ ಯಾರೂ ಹಿಡಿದಿಲ್ಲ. ಆ ಕಂಠಕ್ಕೆ ದೃಷ್ಟಿ ತಾಗದಿರಲಿ. ಮಕ್ಕಳಿಗೆ ಅವ್ವನ ಆಶೀರ್ವಾದ, ನನ್ನದೂ.

ನಿನ್ನ,
ವಿಜಿ

ತಾ.ಕ.: ಒಂದು ಮಾತು ಬರೆಯದೇ ಮುಚ್ಚುತ್ತಿದ್ದೆ. ನಿನ್ನ ಆಲ್ಬಮ್ ಬಂದ ದಿನವೇ ಮನೆಗೆ ಬಂದು ಮೂರನೇ ಹಾಡನ್ನು ಅವ್ವನಿಗೆ ಕೇಳಿಸಿದೆ. ಹೊರಸಿನ ಮೇಲೆ ಕುಳಿತಿದ್ದಳು. ಎರಡು ಸಾಲು ಮುಗಿದು ಕೊಳಲು ಬಂದಾಗ ಅವಳ ಎಡಗೈ ತಾನೇ ಪಕ್ಕಕ್ಕೆ ಚಾಚಿತು. ಕೊಳಲು ಅವಳಿಗೆ ಕೇಳಿಸಲೇ ಇಲ್ಲವೇನೋ. "ಭಾಗ್ಯಾ, ಲಾಳಿ ಕೊಡವ್ವ," ಎಂದಳು. ನಾನು ನನ್ನ ಕೈ ಕೊಟ್ಟೆ. ಬೆರಳು ಸವರಿ ನೋಡಿ, "ನೀ ಅಲ್ಲ," ಎಂದು ಬಿಟ್ಟಳು.

ಆ ಹಾಡನ್ನು ಅವಳು ನನಗೆ ಕಲಿಸಿದವಳೇ ಅಲ್ಲ, ಭಾಗ್ಯಾ. ಕೈ ಬಿರುಸು, ಅಂಚು ಒಡೆಯುತ್ತದೆ ಎಂದು ಹನ್ನೆರಡನೇ ವಯಸ್ಸಿಗೆ ನನ್ನನ್ನು ಮಗ್ಗದಿಂದ ಎಬ್ಬಿಸಿ ನಿನ್ನನ್ನು ಕೂಡಿಸಿದಳು. ನಾನು ಅಡಿಗೆ ಮನೆಯ ಬಾಗಿಲ ಹಿಂದೆ ನಿಂತು ಕಲಿತೆ. ನನ್ನ ಕಿವಿ ಚುರುಕಾದದ್ದು ಅಲ್ಲೇ. ಹಾಡು ನಿನ್ನದೇ, ಅವಳೇ ಕೊಟ್ಟದ್ದು, ಇಟ್ಟುಕೋ. ಹೆಸರು ಹಾಕು. ಆಮೇಲೆ ಒಂದು ದಿನ ಬಂದು ಆ ಕೈಗೆ ಕೈ ಕೊಡು. ಅದು ನನ್ನಿಂದ ಆಗುವುದಿಲ್ಲ.